‘ಫೈಲ್ ಎರರ್ 0’ ಅಂದ್ರ ಎರರ್ ಐತೋ ಇಲ್ಲೋ? ಹಳೇ ಕ್ಲಿಪ್ಪರ್ ಪ್ರೋಗ್ರಾಂ ಕೊಡೂ ನಂಬರ್ ಓದೂ ಬಗಿ

ಪ್ರಶ್ನೆ: ಸರ್ರ, ನಮ್ದು ವಿಜಯಪುರ ಜಿಲ್ಲಾ ತಿಕೋಟಾ ಕಡೆ ಒಣದ್ರಾಕ್ಷಿ ಇಡೂ ಕೋಲ್ಡ್ ಸ್ಟೋರೇಜ್. ಸ್ಟಾಕ್, ಬಾಡಿಗಿ, ಗೇಟ್‌ಪಾಸ್ ಎಲ್ಲಾ 1997ರಾಗ ಹಳೇ ಡಾಸ್ ಕಾಲದ ಕ್ಲಿಪ್ಪರ್ 5.2 ಅನ್ನೂ ಪ್ರೋಗ್ರಾಂ ಭಾಷಾದಾಗ ಬರೆಸಿದ ಪ್ರೋಗ್ರಾಂ ಮ್ಯಾಲೇ ನಡೀತೈತಿ. ಬರದವ್ರು ಈಗಿಲ್ಲ, ಸೋರ್ಸ್ ಫೈಲ್ ಅಷ್ಟ ಅದಾವು. ನಾ ಓದಿದ್ದು ಬಿಕಾಂ. ಆಫೀಸ್‌ನ್ಯಾಗ ವಿಂಡೋಸ್ 7, 32 ಬಿಟ್, ಗೇಟ್‌ನ್ಯಾಗ ಒಂದ್ ಹಳೇ ಎಕ್ಸ್‌ಪಿ. ತೂಕದ ಕಾಟಾದ ಸಾಫ್ಟ್‌ವೇರ್ ಒಂದ್ ಟೆಕ್ಸ್ಟ್ ಫೈಲ್‌ಗೆ ತೂಕ ಬರೀತೈತಿ, ನಮ್ ಪ್ರೋಗ್ರಾಂ ಅದನ್ನ ಓದ್ತೈತಿ. ಅಲ್ಲೆ ಆಗಾಗ ‘ಫೈಲ್ ಎರರ್ 0’ ಅಂತ ಬರ್ತೈತಿ. ಸಂಜಿ ಆತಂದ್ರ ಬಿಲ್ ತಗಿಯೂಮುಂದ ‘ಡಾಸ್ ಎರರ್ 4’. ಗೇಟ್ ಕಂಪ್ಯೂಟರ್‌ನ್ಯಾಗ ಯಾವಾಗ್ಲೂ ‘ಡಾಸ್ ಎರರ್ 5’. 0 ಅಂದ್ರ ಎರರ್ ಇಲ್ಲ ಅಂತ ಅಲ್ಲೇನ್ರಿ? ಮತ್ತ್ಯಾಕ ನಿಲ್ತೈತಿ? ಕಾಟಾ ಓದೂ ಪಿಆರ್‌ಜಿ (ಸೋರ್ಸ್) ಫೈಲ್ ಕಳಿಸೀನಿ, ನೋಡ್ರಿ.

ಉತ್ತರ: ಪಿಆರ್‌ಜಿ ನೋಡಿದೆ. ನಲವತ್ತು ಸಾಲು ಇಲ್ಲ ಅದು, ಆದ್ರ ನಿಮ್ಮ 0 ಮತ್ತ 4 ಎರಡೂ ಅದ್ರಾಗ ಕುಂತಾವು. 5 ಬ್ಯಾರೆ, ಅದ್ಕ ಆಮ್ಯಾಗ ಬರ್ತೀನಿ.

ಮೊದ್ಲ ಒಂದ್ ಮಾತು ತಲ್ಯಾಗ ಇಟ್ಕೋರಿ. ಈ ನಂಬರ್ ನಿಮ್ಮ ಪ್ರೋಗ್ರಾಂಗೆ ಏನಾಗೈತಿ ಅಂತ ಹೇಳೂದಿಲ್ಲ, ಡಾಸ್ ಕಡೀಕ್ ಏನ ಹೇಳ್ತು ಅಂತ ಅಷ್ಟ ಹೇಳ್ತೈತಿ. ‘ಕಡೀಕ್’ ಅನ್ನೂದು ಭಾಳ ಮುಖ್ಯ. ಅದ್ಕ ನಂಬರ್ ಕಂಡ ಕೂಡ್ಲೆ ಪಟ್ಟಿ ತಗದು ಅರ್ಥ ಹುಡುಕಾಕ ಹೋಗಬ್ಯಾಡ್ರಿ, ಇದನ್ನ ಯಾರ್ ಹೇಳಿದ್ರು, ಯಾವ ಕೆಲಸಕ್ಕ ಹೇಳಿದ್ರು, ನಾವ್ ಕೇಳಿದ್ದು ಯಾವಾಗ, ಇಷ್ಟು ಕೇಳ್ಕೊಂಡ್ರ ಅರ್ಧ ಕೆಲಸ ಮುಗೀತು.

ನಿಮ್ಮ ಕೋಡ್‌ನ್ಯಾಗ ಏನೈತಿ ಅಂದ್ರ, ಎಫ್‌ಓಪನ್ ಅನ್ನೂ ಫಂಕ್ಷನ್‌ಲೆ ಕಾಟಾ ಫೈಲ್ ತಗೀತಾರ, ಹ್ಯಾಂಡಲ್ (ತಗದ ಫೈಲಿಗೆ ಡಾಸ್ ಕೊಡೂ ನಂಬರ್) -1 ಬಂತಂದ್ರ ಫೈಲ್ ತಗದಿಲ್ಲ ಅಂತ ಅರ್ಥ, ಇಲ್ಲೀತನಕ ಬರಾಬರಿ. ಆಮ್ಯಾಗ ಅವ್ರು ಏನ್ ಮಾಡ್ಯಾರ, ಪ್ರೋಗ್ರಾಂ ಚಾಲೂ ಆದಾಗಿಂದ ತಗದಿಟ್ಟ ಲಾಗ್ ಫೈಲ್‌ಗೆ ಎಫ್‌ರೈಟ್‌ಲೆ ಟೈಮ್ ಹಾಕಿ ‘ಕಾಟಾ ಓಪನ್ ಆಗ್ಲಿಲ್ಲ’ ಅಂತ ಒಂದ್ ಸಾಲ್ ಬರದು, ಅದ್ರ ಮುಂದಿನ ಸಾಲಿನ್ಯಾಗ ಎಫ್‌ಎರರ್ ಕೇಳಿ ಸ್ಕ್ರೀನ್ ಮ್ಯಾಲೆ ತೋರ್ಸ್ಯಾರ. ನಡಕ ಲಾಗ್ ಬಂತಲ್ಲ, ಅಲ್ಲೇ ಕೆಟ್ಟಿದ್ದು. ಎಫ್‌ಎರರ್ ಅನ್ನೂದು ಕಡೀ ಫೈಲ್ ಫಂಕ್ಷನ್ ಏನಾತು ಅಂತ ಹೇಳೂದು, ಮುಂದಿನ ಫೈಲ್ ಫಂಕ್ಷನ್ ಓಡಿದ ಕೂಡ್ಲೆ ಹಳೇದು ಅಳಿಸಿ ಹೋತು. ಲಾಗ್ ಬರದದ್ದು ಚಲೋ ಬರದೈತಿ, ಹಿಂಗಾಗಿ 0. ನಿಮ್ಮ ಸ್ಕ್ರೀನ್ ಮ್ಯಾಲಿನ 0 ಕಾಟಾ ಫೈಲಿಂದಲ್ಲ, ಲಾಗ್ ಫೈಲಿಂದು! ಖರೇ ಎರರ್ 32 ಇತ್ತೋ, 4 ಇತ್ತೋ, 2 ಇತ್ತೋ, ಯಾರಿಗೂ ಗೊತ್ತಿಲ್ಲ ಈಗ, ಹೋತು ಅದು.

ರಿಪೇರಿ ಏನ್ ದೊಡ್ಡದಲ್ಲ. ಎಫ್‌ಓಪನ್ ಆದ ಮುಂದಿನ ಸಾಲಿನ್ಯಾಗ, ಬ್ಯಾರೆ ಏನೂ ಮಾಡೂಕಿಂತ ಮೊದ್ಲ, ಎಫ್‌ಎರರ್ ತಗೊಂಡು ಒಂದ್ ವೇರಿಯಬಲ್‌ನ್ಯಾಗ ಹಾಕಿಡ್ರಿ, ಆಮ್ಯಾಗ ಲಾಗ್ ಬರೀರಿ, ತೋರಿಸ್ರಿ, ಏನ್ ಬೇಕಾದ್ ಮಾಡ್ರಿ. ಲಾಗ್‌ನ್ಯಾಗೂ ಆ ನಂಬರ್ ಹಾಕ್ರಿ, ಸುಮ್ನ ‘ಓಪನ್ ಆಗ್ಲಿಲ್ಲ’ ಅಂತ ಬರದ್ರ ಅದನ್ನ ಓದಿ ನಾಳೆ ಏನ್ ಮಾಡ್ತೀರಿ. ಬರದವ್ರಿಗೆ ಬೈಯೂದಿಲ್ಲ ನಾನು, ಇದನ್ನ ನಾನೂ ಮಾಡೀನಿ, ಆವಾಗಿನ ಮಂದಿ ಎಲ್ಲಾರೂ ಒಮ್ಮೆರ ಮಾಡ್ಯಾರ.

ಆದ್ರ ಇದನ್ನ ಸರಿ ಮಾಡಿದ ಮ್ಯಾಲೂ ನಿಮ್ಗ ಕೆಲವು ಸಲ 0 ಬಂದ ಬರ್ತೈತಿ, ಮತ್ತ ಅದು ಖರೇ 0 ಇರ್ತೈತಿ. ಅದು ಎಲ್ಲೆ ಅಂದ್ರ ಓದೂ ಕಡೆ. ಎಫ್‌ರೀಡ್ ಅನ್ನೂದು ಎಷ್ಟು ಬೈಟ್ ಓದಿದೆ ಅಂತ ವಾಪಸ್ ಹೇಳ್ತೈತಿ. ಫೈಲ್ ಮುಗದಿತ್ತಂದ್ರ, ಇಲ್ಲಾ ಫೈಲ್ ಖಾಲಿ ಇತ್ತಂದ್ರ, 0 ಬೈಟ್ ಓದಿದೆ ಅಂತೈತಿ, ಎಫ್‌ಎರರ್‌ನೂ 0 ಇರ್ತೈತಿ, ಯಾಕಂದ್ರ ಡಾಸ್ ಲೆಕ್ಕದಾಗ ಫೈಲಿನ ಕಡೀಕ್ ಮುಟ್ಟೂದು ತಪ್ಪೇ ಅಲ್ಲ. ನಿಮ್ಮ ಕಾಟಾ ಸಾಫ್ಟ್‌ವೇರ್ ಮೊದ್ಲ ಖಾಲಿ ಫೈಲ್ ಮಾಡಿ, ಆಮ್ಯಾಗ ಅದ್ರಾಗ ತೂಕ ಬರೀತೈತಿ ಅಂತ ಹಿಡೀರಿ. ನಡುವಿನ ಆ ಸಣ್ಣ ಗಳಿಗ್ಯಾಗ ನಿಮ್ಮ ಹುಡುಗ ಬಟನ್ ಒತ್ತಿದ್ರ ಫೈಲ್ ಓಪನ್ ಆಗ್ತೈತಿ, ಓದಾಕ ಏನೂ ಇರಂಗಿಲ್ಲ. ನಿಮ್ಮ ಕೋಡ್ ಏನ್ ಮಾಡ್ತೈತಿ, ಬಂದ ಸಾಲು ಖಾಲಿ ಐತೇನು ನೋಡಿ, ಖಾಲಿ ಇದ್ರ ಸುಮ್ನ ರಿಟರ್ನ್ ಆಗ್ತೈತಿ. ಇದು ಚಲೋನ ಐತಿ ಒಂದ್ ಲೆಕ್ಕಕ್ಕ, ಇಲ್ಲಾಂದ್ರ ಖಾಲಿ ಸಾಲಿಗೆ ವ್ಯಾಲ್ (ಅಕ್ಷರದಾಗಿನ ಸಂಖ್ಯೆನ ಅಂಕಿ ಮಾಡೂ ಫಂಕ್ಷನ್) ಹಾಕಿದ್ರ 0 ಬಂದು ಬಾಕ್ಸಿನ ತೂಕ ಸೊನ್ನಿ ಅಂತ ಬೀಳ್ತಿತ್ತು. (ಇರ್ಲಿ, ಒಮ್ಮೆ ತೂಕದ ಡೇಟಾ ಇಡೂ ಡಿಬಿಎಫ್ ಫೈಲಿನ್ಯಾಗ ಸೊನ್ನಿ ತೂಕದ ರೆಕಾರ್ಡ್ ಅದಾವೇನ್ ನೋಡ್ರಿ, ಹಳೇ ವರ್ಷನ್‌ನ್ಯಾಗ ಆ ಚೆಕ್ ಇತ್ತೋ ಇಲ್ಲೋ.)

ಇಲ್ಲೇ ನಿಮ್ಮ 4 ಹುಟ್ಟೂದು. ಖಾಲಿ ಸಾಲ್ ಬಂದ್ರ ರಿಟರ್ನ್ ಆಗ್ತೈತಲ್ಲ, ಆಗೂಕಿಂತ ಮೊದ್ಲ ಫೈಲ್ ಮುಚ್ಚೂ ಎಫ್‌ಕ್ಲೋಸ್ ಇಲ್ಲ. ಎಫ್‌ಕ್ಲೋಸ್ ಐತಿ, ಆದ್ರ ಕೆಳಗ, ತೂಕ ಬರಾಬರಿ ಬಂದಾಗ ಹೋಗೂ ಹಾದ್ಯಾಗ. ಅಂದ್ರ ಖಾಲಿ ಓದಿದಾಗೊಮ್ಮೆ ಒಂದ್ ಹ್ಯಾಂಡಲ್ ತಗದಿದ್ದು ತಗದಂಗ ಉಳೀತೈತಿ.

ಹ್ಯಾಂಡಲ್ ಅಂದ್ರ ಬಸ್ ಸ್ಟ್ಯಾಂಡಿನ ಲಗೇಜ್ ರೂಮಿನ ಟೋಕನ್ ಇದ್ದಂಗ, ಇರೂದ ಎಣಿಸಿದಷ್ಟು, ವಾಪಸ್ ಕೊಡದ ಹೋದ್ರ ಮುಂದಿನವಗ ಇಲ್ಲ. ನಿಮ್ಮಲ್ಲೆ ಲೆಕ್ಕ ಹಾಕೂಣು. ಒಂಬತ್ತು ಡಿಬಿಎಫ್, ಹದಿನಾಲ್ಕು ಎನ್‌ಟಿಎಕ್ಸ್ ಇಂಡೆಕ್ಸ್, ಷರಾ ಬರಿಯಾಕ ಒಂದ್ ಮೆಮೋ ಇರೂದ್ರಿಂದ ಒಂದ್ ಡಿಬಿಟಿ, ಮ್ಯಾಲೆ ಆ ಲಾಗ್, ಒಟ್ಟು 25. ಡಾಸ್ ತಾನ ಮೊದ್ಲ 5 ಹಿಡ್ಕೊಂಡಿರ್ತೈತಿ, 0 ಕೀಬೋರ್ಡು, 1 ಸ್ಕ್ರೀನು, 2 ಎರರ್ ಔಟ್‌ಪುಟ್, 3 ಸೀರಿಯಲ್ ಪೋರ್ಟು, 4 ಪ್ರಿಂಟರ್ರು. ಅಲ್ಲಿಗೆ 30 ಆತು. ನಿಮ್ಮ ಬ್ಯಾಚ್ ಫೈಲ್‌ನ್ಯಾಗ ಸೆಟ್ ಕ್ಲಿಪ್ಪರ್ ಎಫ್:40 (ಒಮ್ಮೆಗೆ 40 ಹ್ಯಾಂಡಲ್ ಅಷ್ಟ) ಐತಿ, ವಿಂಡೋಸ್‌ನ ಸಿಸ್ಟಮ್32 ಫೋಲ್ಡರ್‌ನ್ಯಾಗಿನ ಕಾನ್ಫಿಗ್.ಎನ್‌ಟಿ ಫೈಲ್‌ನ್ಯಾಗೂ ಫೈಲ್ಸ್=40 ಅಂತಾನ ಇರ್ತೈತಿ. ಉಳಿಯೂದು ಹತ್ತು. ಹತ್ತು ಸಲ ಹುಡುಗ ಅವಸರ ಮಾಡಿ ಕಾಟಾ ಮ್ಯಾಲೆ ಬಾಕ್ಸ್ ಇಡೂಕಿಂತ ಮೊದ್ಲ ಬಟನ್ ಒತ್ತಿದಾ ಅಂದ್ರ ಟೋಕನ್ ಖಾಲಿ. ಸಂಜಿಕ ನೀವು ಬಿಲ್ ತಗಿಯಾಕ ಹೊಂಟಾಗ ಬಿಲ್ಲಿನ ಡಿಬಿಎಫ್ ತಗಿಯೂಮುಂದ ‘ಡಿಬಿಎಫ್‌ಎನ್‌ಟಿಎಕ್ಸ್/1001 ಓಪನ್ ಎರರ್, ಡಾಸ್ ಎರರ್ 4’ ಅಂತ ಬರ್ತೈತಿ, ನೀವು ಬಿಲ್ ಪ್ರೋಗ್ರಾಂ ಕೆಟ್ಟೈತಿ ಅಂತ ಅದನ್ನ ಜಾಲಾಡಸ್ತೀರಿ, ಬಿಲ್ ಪ್ರೋಗ್ರಾಂ ಪಾಪ ಏನೂ ಮಾಡಿಲ್ಲ. ಪ್ರೋಗ್ರಾಂ ಬಂದ್ ಮಾಡಿ ಚಾಲೂ ಮಾಡಿದ್ರ ಸರಿ ಆಗ್ತೈತಿ ಅಂತ ಬರದೀರಲ್ಲ, ಅದ ಇದ್ರ ಗುರ್ತು. ಮುಂಜಾನಿ ಬರದ ಸಂಜಿಕ ಬರೂ 4 ಅಂದ್ರ ಎಲ್ಲೋ ಹ್ಯಾಂಡಲ್ ಸೋರಾಕತ್ತೈತಿ. ಮುಂಜಾನಿ ಮೊದಲನೇ ಸಲಕ್ಕ ಬಂತಂದ್ರ ಅದು ಸೋರೂದಲ್ಲ, ಮಿತೀನ ಸಣ್ಣದೈತಿ.

ನಂಬಿಕಿ ಬರ್ಲಿಲ್ಲಂದ್ರ ಕಣ್ಣಾರೆ ನೋಡ್ರಿ. ಎಫ್‌ಓಪನ್ ಕೊಟ್ಟ ಹ್ಯಾಂಡಲ್ ನಂಬರ್‌ನ ಸ್ಕ್ರೀನಿನ ಮೂಲ್ಯಾಗ ಪ್ರಿಂಟ್ ಮಾಡ್ರಿ. ಸರಿ ಇದ್ದ ಪ್ರೋಗ್ರಾಂನ್ಯಾಗ ಪ್ರತಿ ಸಲ ಅದ ನಂಬರ್ ಬರ್ತೈತಿ, 30 ಅಂದ್ರ 30, ಯಾಕಂದ್ರ ಡಾಸ್ ಎಲ್ಲಾಕಿಂತ ಸಣ್ಣ ಖಾಲಿ ನಂಬರ್ ಕೊಡ್ತೈತಿ. ನಿಮ್ಮದ್ರಾಗ 30, 31, 31, 32 ಅಂತ ಏರಕೋತ ಹೋಗ್ತೈತಿ. ಏರಿದ ಜಾಗಾನ ಸೋರೂ ಜಾಗಾ.

ಇದಕ್ಕ ಭಾಳ ಮಂದಿ ಮಾಡೂ ಔಷಧ ಫೈಲ್ಸ್=40 ತಗದು 100 ಮಾಡೂದು. ಮಾಡ್ರಿ, ತಪ್ಪಲ್ಲ, ಎರಡೂ ಕಡೆ ಮಾಡಬೇಕು ಮತ್ತ, ಕಾನ್ಫಿಗ್.ಎನ್‌ಟಿನ್ಯಾಗೂ ಸೆಟ್ ಕ್ಲಿಪ್ಪರ್‌ನ್ಯಾಗೂ, ಎರಡ್ರಾಗ ಸಣ್ಣದು ಯಾವುದೋ ಅದ ನಡೀತೈತಿ. ಆದ್ರ ಎಫ್‌ಕ್ಲೋಸ್ ಹಾಕದ ಬರೇ ಇದನ್ನ ಮಾಡಿದ್ರ ಸಂಜೀ ಎರರ್ ನಾಡದು ಮಧ್ಯಾಹ್ನ ಬರ್ತೈತಿ, ಅಷ್ಟ. ಸೋರೂ ಕೊಡಕ್ಕ ದೊಡ್ಡ ಕೊಡ ತಂದಂಗ.

ಇನ್ನ ಬರಿಯೂ ಕಡೆ ಒಂದ್ 0 ಐತಿ, ಅದು ಎಲ್ಲಾಕಿಂತ ಕೆಟ್ಟದ್ದು. ನಿಮ್ಗ ಇನ್ನೂ ಬಂದಿಲ್ಲ, ಆದ್ರ ನಿಮ್ಮ ಪ್ರೋಗ್ರಾಂನ ಬ್ಯಾಕಪ್ ಮೆನು ಎಫ್‌ರೀಡ್ ಎಫ್‌ರೈಟ್ ಲೂಪ್‌ಲೆ ಕಾಪಿ ಮಾಡ್ತೈತಿ ಅಂದ್ರಲ್ಲ, ಅದ್ಕ ಹೇಳಾಕತ್ತೀನಿ. ಡಿಸ್ಕ್ ತುಂಬಿದಾಗ ಡಾಸ್ ಎರರ್ ಕೊಡಂಗಿಲ್ಲ. ಹೌದ್ರಿ, ಕೊಡಂಗಿಲ್ಲ. 4096 ಬೈಟ್ ಬರಿ ಅಂತ ಹೇಳಿದ್ರ, ಜಾಗಾ ಇದ್ದಷ್ಟು ಬರದು, 512 ಬರದೆ ಅಂತ ಹೇಳಿ ಸುಮ್ನಾಗ್ತೈತಿ, ಎಫ್‌ಎರರ್ 0. ಎಫ್‌ರೈಟ್ ವಾಪಸ್ ಕೊಟ್ಟ ಅಂಕಿ, ನೀವ್ ಕೊಟ್ಟ ಸ್ಟ್ರಿಂಗ್‌ನ ಉದ್ದ, ಎರಡೂ ಒಂದ ಐತೇನು ಅಂತ ನೀವ ನೋಡಬೇಕು, ಬ್ಯಾರೆ ಯಾರೂ ಹೇಳಂಗಿಲ್ಲ.

ಇದನ್ನ ನಾ ಕಲ್ತದ್ದು ಬಾಗಲಕೋಟಿ ಕಡೆ ಒಂದ್ ಪತ್ತಿನ ಸಂಘದಾಗ. ಬೆಳಗಾವ್ಯಾಗ ತಿಳಕವಾಡಿನ್ಯಾಗ ಒಂದ್ ಖೋಲ್ಯಾಗ ಎರಡ್ ಕಂಪ್ಯೂಟರ್ ಇಟ್ಕೊಂಡು ಸಂಘಗಳಿಗೆ ಸಾಫ್ಟ್‌ವೇರ್ ಬರದು ಕೊಡ್ತಿದ್ದೆ ಆವಾಗ. ಬ್ಯಾಕಪ್ ರೂಟೀನ್ ನಂದ. ದಿನಾ ಸಂಜಿಕ ಮ್ಯಾನೇಜರ್ರು ಫ್ಲಾಪಿ ಹಾಕಿ ಒಂದ್ ಕೀ ಒತ್ತೂದು, ‘ಬ್ಯಾಕಪ್ ಯಶಸ್ವಿ’ ಅಂತ ಬರೂದು, ಫ್ಲಾಪಿ ತಗದು ತಿಜೂರ್ಯಾಗ ಇಡೂದು. ವರ್ಷಗಟ್ಲೆ ಹಿಂಗ ನಡೀತು. ಒಂದಿನ ಹಾರ್ಡ್ ಡಿಸ್ಕ್ ಹೋತು, ಫ್ಲಾಪಿ ತಗದು ಹಾಕಿದ್ವಿ, ಖಾತೆಯ ವ್ಯವಹಾರದ ಫೈಲಿನ್ಯಾಗ ಕಡೀ ಕೆಲವು ತಿಂಗಳದ್ದು ಇಲ್ಲ. ಮ್ಯಾನೇಜರ್ರ ಮುಖ ನೋಡಾಕಾಗ್ಲಿಲ್ಲ ನನ್ಗ.

ಫೈಲ್ ಹೆಕ್ಸ್ ಎಡಿಟರ್‌ನ್ಯಾಗ (ಫೈಲಿನ ಒಂದೊಂದ್ ಬೈಟ್ ನಂಬರ್ ಮಾಡಿ ತೋರ್ಸೂ ಪ್ರೋಗ್ರಾಂ) ತಗದು ನೋಡಿದೆ. ಡಿಬಿಎಫ್ ಫೈಲಿನ ತಲೀ ಭಾಳ ಸರಳ ಐತಿ, ನೀವೂ ಓದಬಹುದು. ಮೊದಲನೇ ಬೈಟ್ 03, ಅಂದ್ರ ಮೆಮೋ ಇಲ್ಲದ ಸಾದಾ ಡಿಬಿಎಫ್ (ಮೆಮೋ ಇದ್ರ 83). ಮುಂದಿನ ಮೂರು ತಾರೀಖು. ಆಮ್ಯಾಗ ನಾಲ್ಕು ಬೈಟ್ ರೆಕಾರ್ಡ್ ಎಣಿಕಿ, ಅದು ತಿರುವಿ ಬರದಿರ್ತೈತಿ, ಸಣ್ಣ ಬೈಟ್ ಮೊದ್ಲ. ಅಲ್ಲೆ 38 47 00 00 ಅಂತ ಇತ್ತು. ತಿರುವಿ ಓದಿದ್ರ ಹೆಕ್ಸ್ 4738, ನಮ್ಮ ಲೆಕ್ಕದಾಗ 18,232. ಮುಂದ 21 02, ಅಂದ್ರ ಹೆಡರ್ 545 ಬೈಟ್, ಹದಿನಾರು ಫೀಲ್ಡಿಗೆ ತಲಾ 32, ಮ್ಯಾಲೆ ಹೆಡರಿಂದ ಸ್ವಂತದ್ದು 32, ಕಡೀಕ್ ಒಂದು, ಬರಾಬರಿ. ಮುಂದ 56 00, ಒಂದ್ ರೆಕಾರ್ಡಿಗೆ 86 ಬೈಟ್. ಅಂದ್ರ ಫೈಲ್ ಎಷ್ಟಿರಬೇಕು? 18,232ನ್ನ 86ಲೆ ಗುಣಸಿ, 545 ಕೂಡಿಸಿ, ಕಡೀ ಫೈಲ್ ಮುಗೀತು ಅನ್ನೂ ಗುರ್ತಿಂದು ಒಂದು, 15,68,498 ಬೈಟ್. ಫ್ಲಾಪಿ ಮ್ಯಾಲೆ ಇದ್ದದ್ದು 14,57,664. ಆ ಅಂಕಿ ನೋಡಿದ ಕೂಡ್ಲೆ ನನ್ಗ ಎದಿ ಝಲ್ ಅಂತು, ಯಾಕಂದ್ರ 1.44 ಎಂಬಿ ಫ್ಲಾಪಿ ಫಾರ್ಮ್ಯಾಟ್ ಮಾಡಿದ್ರ ಖಾಲಿ ಜಾಗಾ ಅಂತ ತೋರ್ಸೂ ಅಂಕೀನ ಅದು. ಫೈಲ್ ಬೆಳಕೋತ ಬೆಳಕೋತ ಫ್ಲಾಪಿಕಿಂತ ದೊಡ್ಡದಾಗಿತ್ತು, ನನ್ನ ಲೂಪ್ ಎಫ್‌ಎರರ್ 0 ಐತಲ್ಲ ಅಂತ ಯಶಸ್ವಿ ಯಶಸ್ವಿ ಅಂತ ಹೇಳಕೋತ ಕುಂತಿತ್ತು. 16,943 ರೆಕಾರ್ಡ್ ಪೂರಾ, ಅದ್ರ ಮುಂದಿಂದು 21 ಬೈಟ್ ಅಷ್ಟ. 1,289 ರೆಕಾರ್ಡ್ ಇಲ್ಲ. ಅವನ್ನೆಲ್ಲಾ ಚೀಟಿ ನೋಡಿ ವಾಪಸ್ ಹೊಡದ್ವಿ, ಮ್ಯಾನೇಜರ್ರು, ಒಬ್ಬ ಕ್ಲಾರ್ಕು, ನಾನು. ಸಂಘದಾಗ ಚೀಟಿ ಜೋಪಾನ ಮಾಡಿದ್ರು, ಬಚಾವಾದೆ.

ಆ ಲೆಕ್ಕ ಕಲ್ತಿಡ್ರಿ ನೀವು, ಹೆಡರ್, ರೆಕಾರ್ಡ್ ಎಣಿಕಿ, ರೆಕಾರ್ಡ್ ಉದ್ದ, ಫೈಲ್ ಸೈಜ್. ಫೈಲ್ ಕಡಿಮಿ ಇದ್ರ ಕಾಪಿ ಅರ್ಧಕ್ಕ ನಿಂತೈತಿ. ಹೆಚ್ಚಿದ್ರ, ಕರೆಂಟ್ ಹೋಗಿ ಹೆಡರಿನ ಎಣಿಕಿ ಅಪ್‌ಡೇಟ್ ಆಗಿಲ್ಲ, ರೆಕಾರ್ಡ್ ಕೆಳಗ ಅದಾವು ಅಂತ, ಅದು ಅಷ್ಟ ಗಾಬ್ರಿ ಆಗೂ ಮಾತಲ್ಲ. ಒಂದೋ ಎರಡೋ ಬೈಟ್ ಫರಕ್ ಇದ್ರ ಬಿಡ್ರಿ, ಕೆಲವು ಪ್ರೋಗ್ರಾಂ ಹೆಡರ್ ಕಡೀಕ್ ಒಂದ್ ಬೈಟ್ ಹೆಚ್ಚಿಗಿ ಹಾಕ್ತಾವು, ಕೆಲವು ಕಡೀ ಗುರ್ತು ಹಾಕಂಗಿಲ್ಲ.

ಈಗ ಗೇಟಿನ 5. ಇದು ಯಾವಾಗ್ಲೂ, ಅದ ಕಂಪ್ಯೂಟರಿನ್ಯಾಗ, ಮೊದಲನೇ ಸಲಕ್ಕ ಬರ್ತೈತಿ ಅಂದೀರಿ. 5 ಅಂದ್ರ ಆ್ಯಕ್ಸೆಸ್ ಡಿನೈಡ್, ಬಾಗಲ ತೋರ್ಸಿ ಒಳಗ ಬಿಡಂಗಿಲ್ಲ ಅಂದಂಗ. ಫೈಲ್ ಐತಿ, ಹಾದಿ ಸರಿ ಐತಿ, ಪರವಾನಗಿ ಇಲ್ಲ. ಆಫೀಸ್ ಕಂಪ್ಯೂಟರ್‌ನ್ಯಾಗ ಆ ಫೋಲ್ಡರ್ ಶೇರ್ ಮಾಡೂಮುಂದ ಬರೇ ಓದಾಕ ಕೊಟ್ಟಿರ್ತಾರ, ಕ್ಲಿಪ್ಪರ್‌ದ ಯೂಸ್ (ಡಿಬಿಎಫ್ ತಗಿಯೂ ಆಜ್ಞೆ) ಅಂದ್ರ ಓದಾಕೂ ಬರಿಯಾಕೂ ಕೂಡೇ ತಗೀತೈತಿ, ನೀವು ಗೇಟ್‌ನ್ಯಾಗ ಬರೇ ನೋಡಾಕ ಅಂತಿದ್ರೂ ಅಷ್ಟ. ಶೇರಿಂಗ್ ಪರ್ಮಿಷನ್ನೂ ನೋಡ್ರಿ, ಸೆಕ್ಯುರಿಟಿ ಅನ್ನೂ ಟ್ಯಾಬಿನ್ಯಾಗಿನ ಪರ್ಮಿಷನ್ನೂ ನೋಡ್ರಿ, ಎರಡ್ರಾಗ ಒಂದ್ ಬಿಗಿ ಇದ್ರೂ 5 ಬರ್ತೈತಿ. ಎರಡೂ ಸರಿ ಇದ್ರ ಒಂದೊಂದ್ ಫೈಲಿನ ಪ್ರಾಪರ್ಟೀಸ್ ತಗದು ರೀಡ್ ಓನ್ಲಿ ಟಿಕ್ ಐತೇನು ನೋಡ್ರಿ, ಡಿಬಿಎಫ್ ಅಷ್ಟ ನೋಡಿ ಬಿಡಬ್ಯಾಡ್ರಿ, ಎನ್‌ಟಿಎಕ್ಸ್ ಸೈತ. ಹಳೇ ವಿಂಡೋಸ್‌ನ್ಯಾಗ ಸಿಡಿ ಮ್ಯಾಲಿನ ಬ್ಯಾಕಪ್ ವಾಪಸ್ ಹಾಕಿದ್ರ ಆ ಟಿಕ್ ಸಿಡಿಯಿಂದ ಹಂಗ ಬರ್ತಿತ್ತು, ಅಂಥಾ ಒಂದ್ ಎನ್‌ಟಿಎಕ್ಸ್ ಸಲುವಾಗಿ ನಾ ಒಂದ್ ದಿನ ಪೂರಾ ನೆಟ್‌ವರ್ಕ್ ಕೇಬಲ್ ಬದಲ ಮಾಡಕೋತ ಕುಂತೀನಿ.

5ಕ್ಕೂ 32ಕ್ಕೂ ಮಂದಿ ಗಲಿಬಿಲಿ ಮಾಡ್ಕೋತಾರ. 32 ಅಂದ್ರ ಶೇರಿಂಗ್ ವಯೊಲೇಷನ್, ಪರವಾನಗಿ ಐತಿ ಆದ್ರ ಈಗ ಇನ್ನೊಬ್ರು ಹಿಡ್ಕೊಂಡು ಕುಂತಾರ. 33 ಅಂದ್ರ ಫೈಲಿನ ಒಂದ್ ಭಾಗ ಅಷ್ಟ ಲಾಕ್ ಐತಿ. 32 ತಡದು ಮತ್ತ ಕೇಳಿದ್ರ ಹೋಗ್ತೈತಿ, 5 ನೂರ್ ಸಲ ಕೇಳಿದ್ರೂ ಹೋಗಂಗಿಲ್ಲ. ಅದ್ಕ ರಿಟ್ರೈ ಲೂಪ್ ಬರಿಯೂಮುಂದ 32 ಮತ್ತ 33ಕ್ಕ ಅಷ್ಟ ಬರೀರಿ, ಒಂದೊಂದ್ ಸೆಕೆಂಡ್ ತಡದು ನಾಕೈದ್ ಸಲ. ಎಲ್ಲಾ ಎರರ್‌ಗೂ ರಿಟ್ರೈ ಹಾಕಿದ್ರ 2 ಬಂದಾಗ ಇಲ್ಲದ ಫೈಲಿಗೆ ಕಾಯಕೋತ ಕುಂತಿರ್ತೈತಿ ಪ್ರೋಗ್ರಾಂ.

ಇಲ್ಲೆ ಕ್ಲಿಪ್ಪರ್‌ದ ಒಂದ್ ಒಳಗುಟ್ಟು ಐತಿ. ಕ್ಲಿಪ್ಪರ್ ಜೋಡಿ ಎರರ್‌ಸಿಸ್ ಅಂತ ಒಂದ್ ಪಿಆರ್‌ಜಿ ಬರ್ತಿತ್ತು, ಎರರ್ ಬಂದಾಗ ಓಡೂದು ಅದ. ಅದ್ರಾಗ ಹಿಂಗ ಬರದೈತಿ, ಓಪನ್ ಎರರ್ ಇದ್ದು, ಡಾಸ್ ನಂಬರ್ 32 ಇದ್ರ ಮಾತ್ರ, ಸ್ಕ್ರೀನ್ ಮ್ಯಾಲೆ ಏನೂ ತೋರ್ಸಬ್ಯಾಡ, ನೆಟ್‌ಎರ್ (NETERR) ಅನ್ನೂ ಗುರ್ತನ್ನ ಟ್ರೂ ಮಾಡಿ ಸುಮ್ನ ವಾಪಸ್ ಹೋಗು. 5 ಬಂದ್ರ, 4 ಬಂದ್ರ, 2 ಬಂದ್ರ ಕೆಂಪ ಡಬ್ಬಿ ತೋರ್ಸಿ ನಿಲ್ತೈತಿ. ಹಿಂಗಾಗಿ 32 ನಿಮ್ಗ ಎಂದೂ 32 ಅಂತ ಕಾಣೂದ ಇಲ್ಲ ಯೂಸ್ ಮಾಡೂಮುಂದ. ಯೂಸ್ ಆದ ಕೂಡ್ಲೆ ನೆಟ್‌ಎರ್ ಕೇಳಿಲ್ಲಂದ್ರ ಪ್ರೋಗ್ರಾಂ ಫೈಲ್ ತಗದೈತಿ ಅಂತ ತಿಳ್ಕೊಂಡು ಮುಂದ ಹೋಗಿ, ಎರಡ್ ಸಾಲ್ ಆದ ಮ್ಯಾಲೆ ‘ವರ್ಕ್‌ಏರಿಯಾ ನಾಟ್ ಇನ್ ಯೂಸ್’ ಅಂತ ಬ್ಯಾರೆ ಎಲ್ಲೋ ಬೀಳ್ತೈತಿ. ಆ ಎರರ್ ನಿಮ್ಮಲ್ಲೆ ಎಂದರ ಬಂದ್ರ ಅದ್ರ ಹಿಂದ 32 ಹುಡುಕ್ರಿ. ಕೆಂಪ ಡಬ್ಬ್ಯಾಗ ಡಿಫಾಲ್ಟ್ ಅಂತ ಒಂದ್ ಆಯ್ಕೆ ಕೊಡ್ತೈತಿ ಕೆಲವು ಸಲ, ಅದನ್ನ ಒತ್ತಿದ್ರೂ ಇದ ಗತಿ, ಒತ್ತಬ್ಯಾಡ್ರಿ.

ಆ ಡಬ್ಬ್ಯಾಗ ಎರಡ್ ನಂಬರ್ ಇರ್ತಾವು ಅನ್ನೂದು ಲಕ್ಷ್ಯದಾಗಿರ್ಲಿ. 1001 ಅನ್ನೂದು ಕ್ಲಿಪ್ಪರ್ ಹೇಳಿದ್ದು, ಓಪನ್ ಮಾಡಾಕ ಹೋದೆ ಆಗ್ಲಿಲ್ಲ ಅಂತ, ಅಷ್ಟ. ಯಾಕ ಆಗ್ಲಿಲ್ಲ ಅನ್ನೂದು ಕಂಸದಾಗಿನ ಡಾಸ್ ನಂಬರ್. ಫೋಟೋ ಕಳಸೂಮುಂದ ಮಂದಿ 1001 ಅಷ್ಟ ಬರದು ಕಳಿಸ್ತಾರ, ಅದ್ರಲೇ ಏನೂ ತಿಳಿಯಂಗಿಲ್ಲ.

ಕಾಟಾ ಫೈಲಿಗೆ 32 ಬರೂದು ಸಹಜ, ಯಾಕಂದ್ರ ನಿಮ್ಮ ಕೋಡ್‌ನ್ಯಾಗ ಎಫ್‌ಓಪನ್‌ಗೆ ಮೋಡ್ 0 ಕೊಟ್ಟಾರ. ಅದು ಬರೇ ಓದಾಕ, ಆದ್ರ ಹಂಚ್ಕೊಳ್ಳೂ ಮಾತು ಅದ್ರಾಗಿಲ್ಲ. 64 ಮಾಡ್ರಿ, ಓದಾಕ ಮತ್ತ ಶೇರ್ಡ್. ಕಾಟಾದವ್ರ ಸಾಫ್ಟ್‌ವೇರ್ ತಾನ ಒಬ್ಬನ ಹಿಡ್ಕೋತೀನಿ ಅಂತ ತಗದಿದ್ರ ಆವಾಗ್ಲೂ 32 ಬರ್ತೈತಿ, ಅದ್ಕ ಮ್ಯಾಲೆ ಹೇಳಿದ ಲೂಪ್. ಕಾಟಾದವ್ರ ಹುಡುಗ ನಿಮ್ಮ ಮಾತ್ ಕೇಳೂವಂಗಿದ್ರ ಅವಗ ಹೇಳ್ರಿ, ಬ್ಯಾರೆ ಹೆಸರಿನ್ಯಾಗ ಪೂರಾ ಬರದು, ಮುಚ್ಚಿ, ಆಮ್ಯಾಗ ಹೆಸರು ಬದಲ ಮಾಡು ಅಂತ. ಹಂಗ ಮಾಡಿದ್ರ ಅರ್ಧಾ ಬರದ ಫೈಲ್ ನಿಮ್ಗ ಕಾಣೂದ ಇಲ್ಲ, ಒಂದೋ ಪೂರಾ ಇರ್ತೈತಿ ಇಲ್ಲಾ ಇರೂದ ಇಲ್ಲ.

ಉಳಿದವು ಲಗೂ ಹೇಳಿ ಬಿಡ್ತೀನಿ. 2 ಅಂದ್ರ ಫೈಲ್ ಇಲ್ಲ, 3 ಅಂದ್ರ ಫೋಲ್ಡರ್ ಹಾದಿನ ಇಲ್ಲ, ಗೇಟಿನ್ಯಾಗ 3 ಬಂದ್ರ ನೆಟ್‌ವರ್ಕ್ ಡ್ರೈವ್ ಮ್ಯಾಪ್ ಆಗಿಲ್ಲ ಅಂತ ತಿಳೀರಿ, 15 ಬಂದ್ರ ಆ ಡ್ರೈವ್ ಅಕ್ಷರಾನ ಇಲ್ಲ. 6 ಅಂದ್ರ ಹ್ಯಾಂಡಲ್ ತಪ್ಪು, ಬಹುತೇಕ -1 ಬಂದಿದ್ದನ್ನ ನೋಡದ ಅದಕ್ಕ ಎಫ್‌ರೀಡ್ ಮಾಡಾಕ ಹೋಗಿರ್ತೀರಿ, ಇಲ್ಲಾ ಎರಡ್ ಸಲ ಮುಚ್ಚಿರ್ತೀರಿ. ಇನ್ನ ಫೈಲ್ ಹುಟ್ಟಸೂ ಎಫ್‌ಕ್ರಿಯೇಟ್, ಅಳಸೂ ಎಫ್‌ಇರೇಸ್ ಇವು ಸೆಟ್ ಡಿಫಾಲ್ಟ್ (ಡೇಟಾ ಯಾವ ಫೋಲ್ಡರಿನ್ಯಾಗ ಅಂತ ಹೇಳೂ ಸಾಲು) ಕೇಳಂಗಿಲ್ಲ, ಯೂಸ್ ಕೇಳ್ತೈತಿ. ಹಿಂಗಾಗಿ ಡಿಬಿಎಫ್ ಸಿಕ್ಕು ಅದ ಫೋಲ್ಡರಿನ್ಯಾಗಿನ ಟೆಕ್ಸ್ಟ್ ಫೈಲ್ ಅಳಸಾಕ ಹೋದ್ರ 2 ಬಂತಂದ್ರ ಗಾಬ್ರಿ ಬೀಳಬ್ಯಾಡ್ರಿ, ಪೂರಾ ಹಾದಿ ಬರದು ಕೊಡ್ರಿ.

ನಿಮ್ಮ ಅಳಿಯ ಫಾಕ್ಸ್‌ಪ್ರೋ (ಕ್ಲಿಪ್ಪರ್‌ನಂಥಾ ಇನ್ನೊಂದ್ ಭಾಷಾ) ಬಲ್ಲವ್ರು, ಅದ್ರ ಎರರ್ ಪಟ್ಟಿ ಕಳಿಸ್ಯಾರ ಅಂತ ಬರದೀರಿ. ಅವ್ರಿಗೆ ನಮಸ್ಕಾರ ಹೇಳ್ರಿ, ಪಟ್ಟಿ ಬದಿಗಿಡ್ರಿ. ಫಾಕ್ಸ್‌ಪ್ರೋನ ಸ್ವಂತ ಎರರ್ ನಂಬರ್ ಪೂರಾ ಬ್ಯಾರೆ, ಅಲ್ಲೆ 4 ಅಂದ್ರ ಫೈಲಿನ ಕಡೀಕ್ ಬಂದ್ವಿ ಅಂತ, 5 ಅಂದ್ರ ರೆಕಾರ್ಡ್ ನಂಬರ್ ಮಿತಿ ಮೀರೈತಿ ಅಂತ, ಮತ್ತ ಟೂ ಮೆನಿ ಫೈಲ್ಸ್ ಓಪನ್ ಅನ್ನೂದು ಅಲ್ಲೆ 6. ನಿಮ್ಮ 5ನ್ನ ಆ ಪಟ್ಟಿ ಹಿಡದು ಓದಿದ್ರ ಪರ್ಮಿಷನ್ ನೋಡೂದು ಬಿಟ್ಟು ಇಂಡೆಕ್ಸ್ ರಿಪೇರಿ ಮಾಡ್ಕೋತ ಕುಂದರ್ತೀರಿ. ಗಮ್ಮತ್ತಂದ್ರ ಫಾಕ್ಸ್‌ಪ್ರೋನ್ಯಾಗೂ ಎಫ್‌ಎರರ್ ಅನ್ನೂ ಅದ ಹೆಸರಿನ ಫಂಕ್ಷನ್ ಐತಿ, ಅದ್ರಾಗ 2, 4, 5, 6 ಡಾಸ್‌ನಂಗ ಅದಾವು, ಆದ್ರ 29 ಬಂದ್ರ ಅಲ್ಲೆ ಡಿಸ್ಕ್ ತುಂಬೈತಿ ಅಂತ, ಡಾಸ್ ಪಟ್ಟ್ಯಾಗ 29 ಬರಿಯೂದ್ರಾಗ ತೊಂದ್ರಿ ಅಂತ. ಒಂದ ಮನಿತನದವು, ಮಾತ್ ಬ್ಯಾರೆ.

ಹೊಸಾ ಕಂಪ್ಯೂಟರ್ ತಗೋಬೇಕಂತೀರಿ, ತಗೋರಿ, ಆದ್ರ 64 ಬಿಟ್ ವಿಂಡೋಸ್ ಮ್ಯಾಲೆ ಈ 16 ಬಿಟ್ ಇಎಕ್ಸ್‌ಇ ಓಡೂದ ಇಲ್ಲ, ಅಲ್ಲೆ ಬರೂ ಮೆಸೇಜಿಗೂ ಇವೆಲ್ಲಾಕ್ಕೂ ಸಂಬಂಧ ಇಲ್ಲ. ಸೋರ್ಸ್ ಐತಲ್ಲ ನಿಮ್ಮಲ್ಲೆ, ಹಾರ್ಬರ್ ಅಂತ ಪುಕ್ಕಟೆ ಕಂಪೈಲರ್ ಐತಿ, ಕ್ಲಿಪ್ಪರ್ ಕೋಡ್‌ನ್ನ ಬಹುತೇಕ ಇದ್ದಂಗ ತಗೋತೈತಿ, ಎಫ್‌ಎರರ್ ನಂಬರೂ ಡಾಸ್ ಪದ್ಧತಿಲೇ ಕೊಡಾಕ ನೋಡ್ತೈತಿ. ಅದು ಸೀಸನ್ ಮುಗದ ಮ್ಯಾಲಿನ ಕೆಲಸ, ಮಾಲು ಒಳಗ ಬರೂಮುಂದ ಕೈ ಹಚ್ಚಬ್ಯಾಡ್ರಿ.

ಈಗ ಮಾಡೂದು ಇಷ್ಟು. ರಿಟರ್ನ್‌ಕಿಂತ ಮೊದ್ಲ ಎಫ್‌ಕ್ಲೋಸ್, ಎಫ್‌ಓಪನ್ ಬೆನ್ನಿಗೆ ಎಫ್‌ಎರರ್ ವೇರಿಯಬಲ್‌ಗೆ, ಮೋಡ್ 64, ಗೇಟಿನ ಶೇರಿಂಗ್ ಪರ್ಮಿಷನ್. ಹ್ಯಾಂಡಲ್ ನಂಬರ್ ತೋರಸೂದು ಒಂದ್ ವಾರ ಇರ್ಲಿ, ಸಂಜಿ ನಾಲ್ಕಕ್ಕ ಎಷ್ಟು ತೋರ್ಸ್ತೈತಿ ಬರದು ಕಳಿಸ್ರಿ ನನ್ಗ. ಪಿಆರ್‌ಜಿಗೆ ಕೈ ಹಚ್ಚೂಕಿಂತ ಮೊದ್ಲ ಫೋಲ್ಡರ್ ಪೂರಾ ಒಂದ್ ಪೆನ್‌ಡ್ರೈವ್‌ಗೆ ಕಾಪಿ ಹೊಡಕೋರಿ, ಪ್ರೋಗ್ರಾಂನ ಬ್ಯಾಕಪ್ ಮೆನುಲೆ ಅಲ್ಲ, ವಿಂಡೋಸ್‌ನ್ಯಾಗ, ಮತ್ತ ಕಾಪಿ ಆದ ಮ್ಯಾಲೆ ಎರಡೂ ಕಡೆ ಸೈಜ್ ಬೈಟಿಗೆ ಬೈಟ್ ನೋಡ್ರಿ.